ಬೆರಳಿನ ಬಿಗಿ

"ಸ್ವಲ್ಪ ಕಾಲು ತೆಗೀರಿ, ಕಾಲು ತೆಗೀರಿ," ಎನ್ನುತ್ತ ಗ್ಯಾರೇಜಕ್ಕ ಸಾವಿಗೆ ಬಂದವರ ಚಪ್ಪಲಿಗಳ ನಡುವೆ ದಾರಿ ಮಾಡಿಕೊಂಡು, ಬಚ್ಚಲಿನ ಹಳೇ ಬೇಸಿನ್ನನ್ನು ಅಂಚೆಯವನ ಬೈಕಿನ ಕೆಳಗೆ ಕಾಲಿನಿಂದಲೇ ತಳ್ಳಿದಳು. ಎಂಜಿನ್ನಿನ ಹೊಟ್ಟೆಯಿಂದ ಎಣ್ಣೆಯ ತೊಟ್ಟೊಂದು ಟಪ್ಪೆಂದು ಬೇಸಿನ್ನಿಗೆ ಬಿತ್ತು. ಗೇಟಿನಿಂದ ಬಾಗಿಲವರೆಗೆ ಅಂಥ ತೊಟ್ಟುಗಳ ಸಾಲೇ ಇತ್ತು. ಯಾರೋ ಒಬ್ಬರು ಅದರ ಮೇಲೆ ಕಾಲಿಟ್ಟು, ಅದೇ ಕಾಲಲ್ಲಿ ಒಳಗೂ ಹೋಗಿದ್ದರು.

ಒಳಗೆ ನಡುಮನೆಯಲ್ಲಿ ಅವಳ ಗಂಡ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಎಲ್ಲರೂ ಅವನನ್ನು ಕರೆಯುತ್ತಿದ್ದುದು ಮೇಸ್ತ್ರಿ ಎಂದು. ಮನೆಯ ಮಗ್ಗುಲಿಗೇ ಇರುವ ತಗಡಿನ ಶೆಡ್ಡಿನಲ್ಲಿ ಬೈಕುಗಳನ್ನು ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ ಮುದುಕನಾದವನು. ಮೊನ್ನೆ ಸಂಜೆ ಕೆಲಸ ಮುಗಿಸಿ ಕೈ ತೊಳೆಯುವಾಗ ನಲ್ಲಿಯ ಹತ್ತಿರವೇ ಕುಸಿದ. ಆಸ್ಪತ್ರೆಗೆ ಒಯ್ದರು. ನಿನ್ನೆ ಮಧ್ಯಾಹ್ನ ಎಲ್ಲ ಮುಗಿದುಹೋಯಿತು. ಮಗಳು ದೂರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳು ಬಂದು ಮುಖ ನೋಡಿದ ಮೇಲೆ ವ್ಯಾನಿನಲ್ಲಿ ಸ್ಮಶಾನಕ್ಕೆ. ಅಲ್ಲಿಯವರೆಗೆ ಎಲ್ಲರಿಗೂ ಇದ್ದದ್ದು ಒಂದೇ ಕೆಲಸ, ಸುಮ್ಮನೆ ಕೂತು ಕಾಯುವುದು. ಅದೊಂದು ಮಾತ್ರ ಗ್ಯಾರೇಜಕ್ಕನ ಕೈಲಿ ಆಗುತ್ತಿರಲಿಲ್ಲ.

ಬೆಳಗಿನಿಂದ ಅವಳು ಕುರ್ಚಿಗಳನ್ನು ಒರೆಸಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸಿದ್ದಳು. ಗಂಡನ ಪಕ್ಕ ಕೂತರೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ಅವನ ಮುಖ ನೋಡಲು ಧೈರ್ಯ ಸಾಲುತ್ತಿರಲಿಲ್ಲ. ಕೊನೆಯ ಮೂರು ದಿನ ಅವನು ಅವಳ ಹತ್ತಿರ ಮಾತು ಬಿಟ್ಟಿದ್ದ. ಆ ಸಿಟ್ಟನ್ನು ಹಾಗೇ ಹೊತ್ತುಕೊಂಡು ಹೋದನೋ, ಇಲ್ಲ ಹೋಗುವ ಮುಂಚೆ ಎಲ್ಲಾದರೂ ಇಳಿಸಿದನೋ, ಯಾರನ್ನು ಕೇಳುವುದು?

"ನಂಗೆ ಗೊತ್ತೇ ಇರ್ಲಿಲ್ಲ ಅಕ್ಕಾ," ಅಂಚೆಯವನು ಹೆಲ್ಮೆಟ್ಟನ್ನು ಹೊಟ್ಟೆಗೆ ಅವುಚಿಕೊಂಡು ನಿಂತಿದ್ದ. ಟಪಾಲು ಹಂಚಲು ದಿನವೂ ಎಲ್ಲೆಲ್ಲಿಗೋ ಹೋಗುವ ಬಡಕಲು ಮನುಷ್ಯ. "ನಿನ್ನೆ ಬೆಳಗ್ಗೆ ಬಂದಾಗ ಯಾರೂ ಇರ್ಲಿಲ್ಲ. ಗಾಡಿ ಹೊರಗೇ ಇತ್ತು, ಇನ್ನೊಂದು ಕೀ ನನ್ ಹತ್ರ ಇತ್ತು, ತಗೊಂಡು ಹೋದೆ. ಇವತ್ತು ನೋಡಿದ್ರೆ ಸೋರ್ತಿದೆ. ತೋರಿಸೋಣ ಅಂತ ಬಂದ್ರೆ ಇಲ್ಲಿ ಹೀಗೆ..."

"ಮೆತ್ತಗೆ!"

"ಅಲ್ಲ ಅಕ್ಕಾ, ಒಂದು ಮಾತು..."

"ಎಲ್ಲ ಗೊತ್ತು ನಂಗೆ. ನೀನು ಬಾಯಿ ಮುಚ್ಕೊಂಡು ಹ್ಯಾಂಡ್ಲು ಹಿಡಿ. ಶೆಡ್ಡಿಗೆ ತಳ್ಳೋಣ."

ಆದರೆ ಕುರ್ಚಿಯಲ್ಲಿ ಕೂತಿದ್ದ ಟೈರಿನವನಿಗೆ ಅಷ್ಟರಲ್ಲಿ ಕೇಳಿಸಿಬಿಟ್ಟಿತ್ತು. ಎದುರುಗಡೆಯೇ ಅವನ ಪಂಕ್ಚರ್ ಅಂಗಡಿ. ಮೇಸ್ತ್ರಿಯ ಹಳೇ ಗೆಳೆಯ, ಅಷ್ಟೇ ಹಳೇ ಬಾಯಿಬಡುಕ. "ಡ್ರೈನ್ ಪ್ಲಗ್ಗಾ?" ಎಂದು ಕತ್ತು ಉದ್ದ ಮಾಡಿದ. "ಥ್ರೆಡ್ ಕಿತ್ತಿರುತ್ತೆ ಬಿಡಿ. ಮೇಸ್ತ್ರಿ ಕೈ ಅಂದ್ರೆ ಸುಮ್ನೇನಾ? ಈಚೆಗೆ ಆ ಕೈಗೆ ಹಿಡಿತಾನೇ ಇರ್ಲಿಲ್ಲ, ಪಾಪ."

ಪಕ್ಕದವರು ಹೌದೆಂದು ತಲೆ ಆಡಿಸಿದರು. ಗ್ಯಾರೇಜಕ್ಕನ ಮೈ ಉರಿದುಹೋಯಿತು.

* * *

ಪ್ಲಗ್ಗೆಂದರೆ ಎಂಜಿನ್ನಿನ ತಳದಲ್ಲಿರುವ ಒಂದು ಬೋಲ್ಟು. ಹಳೆಯ ಎಣ್ಣೆಯನ್ನು ಇಳಿಸಲು ಅದನ್ನು ಬಿಚ್ಚಬೇಕು, ಹೊಸದನ್ನು ತುಂಬುವ ಮೊದಲು ಮತ್ತೆ ಕೂರಿಸಬೇಕು. ಬೋಲ್ಟು ಉಕ್ಕಿನದು, ಅದು ಕೂರುವ ತೂತು ಅಲ್ಯೂಮಿನಿಯಮ್ಮಿನದು. ಗಟ್ಟಿಗನಿಗೂ ಮೆದುವಿಗೂ ಕುಸ್ತಿ ಬಿದ್ದರೆ ಗೆಲ್ಲುವವರು ಯಾರು ಎಂದು ಹೇಳಬೇಕಾಗಿಲ್ಲ. ಬೇಕಾದದ್ದಕ್ಕಿಂತ ಒಂದು ಎಳೆ ಹೆಚ್ಚು ತಿರುಗಿಸಿದರೆ ತೂತಿನೊಳಗಿನ ಥ್ರೆಡ್ಡು, ಅಂದರೆ ಬೋಲ್ಟನ್ನು ಕಚ್ಚಿ ಹಿಡಿಯುವ ಆ ಸುತ್ತುಗಳು, ಕಿತ್ತು ಬರುತ್ತವೆ.

ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಕೈ. ಮೇಸ್ತ್ರಿ ಹೊಸ ಹೆಂಡತಿಗೆ ಮೊದಲು ಕಲಿಸಿದ ಪಾಠವೇ ಅದು. ಅವಳ ಕೈಗೆ ಸ್ಪ್ಯಾನರ್ ಕೊಟ್ಟು, ತನ್ನ ಕೈಯನ್ನು ಅವಳ ಕೈಮೇಲಿಟ್ಟು, "ಕೇಳು, ಅದೇ ಹೇಳುತ್ತೆ ಸಾಕು ಅಂತ," ಎಂದಿದ್ದ. ಅವಳಿಗೆ ಅವತ್ತು ಕೇಳಿಸಿದ್ದು ತನ್ನ ಎದೆಬಡಿತ ಮಾತ್ರ. ಆದರೂ ತಲೆ ಆಡಿಸಿದ್ದಳು. ಬರಬರುತ್ತ ನಿಜವಾಗಿಯೂ ಕೇಳಿಸತೊಡಗಿತು. ಮಗಳನ್ನು ಶಾಲೆಗೆ ಕಳಿಸಿ ಬಂದವಳು ಶೆಡ್ಡಿನಲ್ಲೇ ಉಳಿದಳು, ಗಿರಾಕಿಗಳ ಬಾಯಲ್ಲಿ ಗ್ಯಾರೇಜಕ್ಕ ಆದಳು.

ಮುಂದೆ ಅವನಿಗೆ ಸಕ್ಕರೆ ಕಾಯಿಲೆ ಬಂತು, ಬೆರಳುಗಳು ಜೋಮು ಹಿಡಿದವು. ಬಿಸಿ ಸೈಲೆನ್ಸರ್ ಮುಟ್ಟಿದರೂ ಚರ್ಮದ ವಾಸನೆ ಬಂದ ಮೇಲೆಯೇ ಅವನಿಗೆ ಗೊತ್ತಾಗುತ್ತಿದ್ದುದು. ಬೋಲ್ಟು ಸಾಕು ಅಂದದ್ದು ಕೇಳಿಸದೆ ಅವನು ಇನ್ನೊಂದು ಎಳೆ, ಮತ್ತೊಂದು ಎಳೆ ತಿರುಗಿಸುತ್ತಿದ್ದ. ಎಷ್ಟು ಬಿಗಿಯಾಯಿತೆಂದು ಮುಳ್ಳು ತೋರಿಸುವ ಸ್ಪ್ಯಾನರನ್ನು ಅವಳೇ ತರಿಸಿಕೊಟ್ಟಳು. "ಮೀಟರ್ ನೋಡ್ಕೊಂಡು ಬೋಲ್ಟು ತಿರುಗಿಸೋನು ಮೇಸ್ತ್ರಿ ಅಲ್ಲ, ಗುಮಾಸ್ತ," ಎಂದು ಅವನು ಅದನ್ನು ಗೋಡೆಗೆ ಹಿರಿಯರ ಫೋಟೋ ಹಾಕಿದ ಹಾಗೆ ನೇತುಹಾಕಿಬಿಟ್ಟ.

ಮೊದಲ ಪ್ಲಗ್ಗು ಕಿತ್ತ ದಿನ ಅವಳು ತುಟಿ ಬಿಚ್ಚಲಿಲ್ಲ. ಊಟವಾಗಿ ಅವನು ಕಣ್ಣು ಮುಚ್ಚಿದ ಮೇಲೆ ಶೆಡ್ಡಿಗೆ ಬಂದು, ಕೆಟ್ಟ ಥ್ರೆಡ್ಡನ್ನು ಕೊರೆದು ತೆಗೆದು, ದೊಡ್ಡ ಅಳತೆಯಲ್ಲಿ ಹೊಸದನ್ನು ಕೆತ್ತಿ, ಅದರೊಳಗೆ ಉಕ್ಕಿನ ತಂತಿಯ ಸುರುಳಿಯೊಂದನ್ನು ಕೂರಿಸಿದಳು. ಹಳೆಯ ಪ್ಲಗ್ಗು ಆ ಸುರುಳಿಯಲ್ಲಿ ಮೊದಲಿಗಿಂತ ಚೆನ್ನಾಗಿ ಕೂತಿತು. ಅವನು ಎದ್ದು ಬರುವಷ್ಟರಲ್ಲಿ ಚೂರುಗಳನ್ನೆಲ್ಲ ಗುಡಿಸಿ, ಏನೂ ಅರಿಯದವಳ ಹಾಗೆ ಚಹಾ ಹಿಡಿದು ನಿಂತಿದ್ದಳು.

ಅಲ್ಲಿಂದ ಅದೇ ಅಭ್ಯಾಸವಾಯಿತು. ಅವನು ಕೆಲಸ ಮುಗಿಸುವುದು, ಅವನ ಕಣ್ಣು ತಪ್ಪಿಸಿ ಅವಳು ಎಲ್ಲ ಬೋಲ್ಟುಗಳನ್ನೂ ಮುಟ್ಟಿ ನೋಡುವುದು. ಗಿರಾಕಿಗಳು ಮೇಸ್ತ್ರಿಯ ಕೈಯನ್ನು ಹೊಗಳುತ್ತಿದ್ದರು. ಅವನು ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಗುತ್ತಿದ್ದ. ಆ ನಗು ನೋಡುವುದೇ ಅವಳಿಗೆ ಸಂಬಳ.

* * *

"ನಿಂಗೇನು ತಲೆಗಿಲೆ ಕೆಟ್ಟಿದೆಯಾ?" ಶೆಡ್ಡಿನ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು, ಮೇಸ್ತ್ರಿಯ ಒಡಹುಟ್ಟಿದ ಅಕ್ಕ. ಅತ್ತು ಅತ್ತು ಕಣ್ಣು ಊದಿತ್ತು, ದನಿ ಮಾತ್ರ ಕುಗ್ಗಿರಲಿಲ್ಲ. "ಗಂಡನ ಹೆಣ ಒಳಗಿದೆ, ನೀನು ಗಾಡಿ ಕೆಳಗೆ ಮಲಗಿದೀಯ. ಬಂದವರು ಏನಂದ್ಕೋತಾರೆ?"

"ಏನಂದ್ಕೋತಾರೆ ಅಂತಾನೇ ಮಲಗಿರೋದು ಅತ್ತಿಗೆ."

"ಬಸ್ಸು ಇನ್ನೇನು ಬರುತ್ತೆ. ವ್ಯಾನಿನವನು ಆಗಲೇ ಎರಡು ಸಲ ಹಾರ್ನ್ ಹೊಡೆದ."

"ಹೊಡೀಲಿ. ಅವರು ಮಾಡಿದ ಕೊನೇ ಕೆಲಸ ಬಾಗಿಲ ಮುಂದೆ ಹೀಗೆ ಸೋರ್ತಾ ಇರೋವಾಗ ಅವರನ್ನ ಹೊರಗೆ ತರಬಾರದು. ಟೈರಿನವನು ಏನಂದ ಕೇಳಿಸ್ತಲ್ಲ?"

"ಅವನ ಬಾಯಿ ಯಾವತ್ತು ಸುಮ್ನಿತ್ತು?" ಎಂದಳು ಅತ್ತಿಗೆ. ಆದರೆ ಹೋಗಲಿಲ್ಲ. ಮೂಲೆಯ ಹಳೇ ಟೈರಿನ ಮೇಲೆ ಕುಕ್ಕರಿಸಿದಳು. ನಡುಮನೆಯಲ್ಲಿ ಕೂರಲು ಅವಳಿಗೂ ಆಗುತ್ತಿರಲಿಲ್ಲವೇನೋ.

ಗ್ಯಾರೇಜಕ್ಕ ಪ್ಲಗ್ಗಿಗೆ ಸ್ಪ್ಯಾನರ್ ಹಚ್ಚುವ ಮೊದಲು ಬೆರಳಿನಿಂದ ಅಲುಗಿಸಿದಳು. ಅದು ಬೆರಳಿಗೇ ತಿರುಗಿತು. ಇನ್ನು ನೋಡುವುದೇನಿದೆ? ಕಚ್ಚಿ ಹಿಡಿಯಲು ಒಳಗೆ ಥ್ರೆಡ್ಡೇ ಉಳಿದಿಲ್ಲ, ಅದಕ್ಕೇ ಸಡಿಲ. ಎರಡು ಸುತ್ತಿಗೆ ಪ್ಲಗ್ಗು ಕಳಚಿ ಎಣ್ಣೆಯ ಜೊತೆಗೇ ಬೇಸಿನ್ನಿಗೆ ಬಿತ್ತು. ಹೊಸ ಎಣ್ಣೆ, ಜೇನಿನ ಬಣ್ಣ ಇನ್ನೂ ಮಾಸಿರಲಿಲ್ಲ.

"ಅಕ್ಕಾ," ಅಂಚೆಯವನು ಬಗ್ಗಿದ. "ಕೊರೆಯೋಕೆ ಮುಂಚೆ ಒಂದು ಮಾತು ಹೇಳ್ತೀನಿ. ಮೊನ್ನೆ ಸಂಜೆ..."

"ಆ ಲೈಟು ಹಿಡಿ ಸಾಕು. ನಿನ್ನ ದೂರು ಆಮೇಲೆ ಕೇಳ್ತೀನಿ."

"ದೂರಲ್ಲ ಅಕ್ಕಾ."

"ಲೈಟು!"

ಅವನು ಲೈಟು ಹಿಡಿದ. ಅವಳು ಥ್ರೆಡ್ಡು ಕೆತ್ತುವ ಟ್ಯಾಪಿಗೆ ಗ್ರೀಸು ಮೆತ್ತಿದಳು, ಚೂರುಗಳು ಎಂಜಿನ್ನಿಗೆ ಬೀಳದೆ ಅದಕ್ಕೇ ಅಂಟಿಕೊಳ್ಳಲಿ ಎಂದು. ಟ್ಯಾಪನ್ನು ತೂತಿಗೆ ನೆಟ್ಟಗೆ ಹಿಡಿದು ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸತೊಡಗಿದಳು. ಯಾಕೋ ಇವತ್ತು ಬಹಳ ಗಟ್ಟಿ ಅನ್ನಿಸಿತು. ತೋಳಿನಲ್ಲಿ ಶಕ್ತಿಯಿಲ್ಲ, ನಿನ್ನೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ಅದಕ್ಕೇ ಇರಬೇಕೆಂದುಕೊಂಡು ಹಲ್ಲು ಕಚ್ಚಿ ತಿರುಗಿಸಿದಳು. ಕೊನೇ ಗಾಡಿಯನ್ನೂ ಹೀಗೆ ಕಿತ್ತಿಟ್ಟು ಹೋದೆಯಲ್ಲ ಮಾರಾಯ ಎಂದು ಮನಸ್ಸಿನಲ್ಲೇ ಅವನನ್ನು ಬೈದಳು. ಬೈದದ್ದಕ್ಕೆ ತನಗೇ ಅಳು ಬಂತು. ಅತ್ತರೆ ಟ್ಯಾಪು ವಾಲುತ್ತದೆ ಎಂದು ಅಳಲಿಲ್ಲ.

* * *

ಮೇಸ್ತ್ರಿಗೆ ಅವಳ ಗುಟ್ಟು ಗೊತ್ತಾದದ್ದು ಹಾಲಿನವನ ಬೈಕಿನಿಂದ. ಅವಳು ಸುರುಳಿ ಕೂರಿಸಿ ಕಳಿಸಿದ್ದ ಗಾಡಿ ಆರು ತಿಂಗಳ ಮೇಲೆ ಎಣ್ಣೆ ಬದಲಿಸಲು ವಾಪಸು ಬಂದಿತ್ತು. ಅವಳು ಅಂಗಡಿಗೆ ಹೋಗಿದ್ದಳು. ಬರುವಷ್ಟರಲ್ಲಿ ಮೇಸ್ತ್ರಿ ಪ್ಲಗ್ಗು ಬಿಚ್ಚಿ ಕೂತಿದ್ದ. ತೂತಿನೊಳಗೆ ತಾನು ಯಾವತ್ತೂ ಹಾಕದ ಉಕ್ಕಿನ ಸುರುಳಿ ಪಳಪಳ ಹೊಳೆಯುತ್ತಿತ್ತು.

ಅವನು ಅದನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ. ಆಮೇಲೆ ತನ್ನ ಬಲಗೈಯನ್ನು ಮೇಲೆ ಕೆಳಗೆ ತಿರುಗಿಸಿ, ಯಾರದೋ ಕೈ ಎಂಬಂತೆ ನೋಡಿಕೊಂಡ.

"ಎಷ್ಟು ಗಾಡಿ?" ಎಂದು ಕೇಳಿದ.

ಅವಳು ಎಣಿಸಿರಲಿಲ್ಲ. ಅವನು ಸ್ಪ್ಯಾನರನ್ನು ಸದ್ದಿಲ್ಲದೆ ಕೆಳಗಿಟ್ಟ. ಎಸೆದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು, ಅವಳೂ ಎರಡು ಮಾತು ಆಡಿಬಿಡುತ್ತಿದ್ದಳು. ಅಲ್ಲಿಂದ ಮೂರು ದಿನ ಬಾಯಿಗೆ ಬೀಗ. ಊಟಕ್ಕೆ ಕೂತು ಅನ್ನವನ್ನೇ ನೋಡುತ್ತ ತುತ್ತು ನುಂಗುತ್ತಿದ್ದ. ಒಂದೆರಡು ಸಲ ಏನೋ ಹೇಳುವವನಂತೆ ತಲೆ ಎತ್ತಿ, ಮತ್ತೆ ತಗ್ಗಿಸಿದ. ಅವಳು ಅಂಜಿ ಶೆಡ್ಡಿನ ಕಡೆ ಹೋಗುವುದನ್ನೇ ಬಿಟ್ಟಳು. ಅವನ ಕೈ ದಾಟಿದ ಯಾವ ಬೋಲ್ಟನ್ನೂ ಮುಟ್ಟಲಿಲ್ಲ. ಗಂಡನ ಮಾನ ಉಳಿಸಲು ಹೋಗಿ ಅದನ್ನು ತನ್ನ ಕೈಯಾರೆ ತೆಗೆದೆ ಎಂಬ ಸಂಕಟ ಅವಳನ್ನು ಹಗಲೂ ರಾತ್ರಿ ತಿಂದಿತು.

* * *

ಟ್ಯಾಪು ಹೊರಗೆ ಬಂತು. ಗ್ರೀಸಿನಲ್ಲಿ ಅಂಟಿದ್ದ ಚೂರುಗಳು ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದವು. ಅವಳು ಒರೆಸಿ, ಪ್ಲಗ್ಗಿಗಾಗಿ ಬೇಸಿನ್ನಿನ ಎಣ್ಣೆಯೊಳಗೆ ಕೈ ಆಡಿಸಿದಳು. ಸಿಕ್ಕಿತು. ಬಟ್ಟೆಯಿಂದ ತಿಕ್ಕಿ ಲೈಟಿನ ಬೆಳಕಿಗೆ ಹಿಡಿದವಳು ಹಾಗೇ ಕೂತುಬಿಟ್ಟಳು.

ಥ್ರೆಡ್ಡು ಕಿತ್ತ ಪ್ಲಗ್ಗು ಎಂದೂ ಬರಿಗೈಲಿ ಬರುವುದಿಲ್ಲ. ಅಲ್ಯೂಮಿನಿಯಮ್ಮಿನ ಸಿಪ್ಪೆಯನ್ನು ಮೈಗೆ ಸುತ್ತಿಕೊಂಡೇ ಬರುತ್ತದೆ. ಇದರ ಮೈಯಲ್ಲಿ ಒಂದು ಎಳೆಯೂ ಇರಲಿಲ್ಲ. ಅದರ ಕೊರಳಲ್ಲಿ ತಾಮ್ರದ ಹೊಸ ವಾಷರ್ ಇತ್ತು. ಒಮ್ಮೆ ಬಿಗಿ ಮಾಡಿದರೂ ವಾಷರಿನ ಮೇಲೆ ಉಂಗುರದಂಥ ಗುರುತು ಒತ್ತುತ್ತದೆ. ಈ ವಾಷರಿನ ಮೇಲೆ ಏನೂ ಒತ್ತಿರಲಿಲ್ಲ. ಅದು ಸ್ಪ್ಯಾನರಿನ ಬಿಗಿಯನ್ನೇ ಕಂಡಿರಲಿಲ್ಲ.

"ಇದು ಕಿತ್ತೇ ಇರ್ಲಿಲ್ಲ," ಎಂದಳು ಮೆಲ್ಲಗೆ. "ಬರೀ ಸಡಿಲ ಇತ್ತು. ಸುಮ್ನೆ ಬಿಗಿ ಮಾಡಿದ್ರೆ ಮುಗೀತಿತ್ತು. ಸರಿಯಾಗಿದ್ದ ಥ್ರೆಡ್ಡನ್ನ ನಾನು ಕೊರೆದು ಹಾಕಿದೆ."

"ಅದನ್ನೇ ಅಕ್ಕಾ ನಾನು ಬಂದಾಗಿನಿಂದ ಹೇಳೋಕೆ ನೋಡ್ತಿರೋದು!" ಅಂಚೆಯವನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ಮೊನ್ನೆ ಸಂಜೆ ನಾನು ಗಾಡಿ ಕೇಳೋಕೆ ಬಂದಿದ್ದೆ. ಮೇಸ್ತ್ರಿ ಕೊಡಲಿಲ್ಲ. 'ಪ್ಲಗ್ಗು ಬೆರಳಲ್ಲಿ ಕೂರಿಸಿದೀನಿ ಅಷ್ಟೇ, ಬಿಗಿ ಮಾಡಿಲ್ಲ. ಬಿಗಿ ಮಾಡೋದು ಅವಳು. ಅವಳ ಕೈ ಮುಟ್ಟದೆ ಇನ್ಮೇಲೆ ಇಲ್ಲಿಂದ ಗಾಡಿ ಹೊರಗೆ ಹೋಗಲ್ಲ, ನಾಳೆ ಬಾ' ಅಂದ್ರು."

ಅತ್ತಿಗೆ ಟೈರಿನ ಮೇಲಿಂದ ಎದ್ದು ನಿಂತಳು.

"ನಿಜ ಹೇಳು," ಎಂದಳು ಗ್ಯಾರೇಜಕ್ಕ. "ಸಿಟ್ಟಲ್ಲಿ ಅಂದ್ರಾ?"

"ಸಿಟ್ಟೆಲ್ಲಿ ಬಂತು? ನಗ್ತಾ ಅಂದ್ರು. 'ಅಕ್ಕಂಗೆ ಹೇಳಿದೀರಾ?' ಅಂತ ಕೇಳಿದೆ. 'ಮೂರು ದಿನದಿಂದ ಹೇಳೋಣ ಹೇಳೋಣ ಅಂತೀನಿ ಕಣೋ, ಬಾಯೇ ಬರ್ತಿಲ್ಲ. ಇಷ್ಟು ದಿನ ನನ್ನ ಹಿಂದೆ ನನ್ನ ತಪ್ಪು ಒರೆಸ್ಕೊಂಡು ಬಂದಿದಾಳೆ, ಏನಂತ ಶುರು ಮಾಡ್ಲಿ? ಇವತ್ತು ಊಟಕ್ಕೆ ಕೂತಾಗ ಹೇಳಿಬಿಡ್ತೀನಿ' ಅಂದ್ರು." ಅವನು ಹೆಲ್ಮೆಟ್ಟನ್ನು ನೋಡಿಕೊಂಡ. "ನಾಳೆ ಬಾ ಅಂದಿದ್ರಲ್ಲ, ಬಂದೆ. ನೀವು ಬಿಗಿ ಮಾಡಿರ್ತೀರಿ ಅಂದ್ಕೊಂಡು ಕೇಳದೇನೆ ತಗೊಂಡು ಹೋದೆ. ತಪ್ಪು ನಂದು."

ಕೈ ತೊಳೆದು ಬಂದರೆ ಊಟ. ನಲ್ಲಿಯ ಹತ್ತಿರವೇ ಅವನು ಕುಸಿದದ್ದು.

ಗ್ಯಾರೇಜಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ಗಟ್ಟಿಯಾಗಿ ಅತ್ತಳು. ನಿನ್ನೆಯಿಂದ ಬಾರದ ಅಳು ಅದು. ಅತ್ತಿಗೆ ಬಂದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. "ಚಿಕ್ಕಂದಿನಿಂದ ಅವನು ಹಾಗೇ ಕಣೆ," ಎಂದಳು. "ಹೇಳ್ಬೇಕಾದ್ದನ್ನ ಬಾಯಲ್ಲೇ ಇಟ್ಕೊಂಡು ಊರೆಲ್ಲ ಸುತ್ತಿ ಬರ್ತಿದ್ದ." ಅಳುತ್ತಲೇ ಇಬ್ಬರಿಗೂ ನಗು ಬಂತು.

ಅಳು ಕೇಳಿ ಟೈರಿನವನು ಬಾಗಿಲಲ್ಲಿ ಇಣುಕಿದ. ಗ್ಯಾರೇಜಕ್ಕ ಮೂಗು ಒರೆಸಿಕೊಂಡು ಅವನ ಕಡೆ ತಿರುಗಿದಳು. "ಬಂದಿರೋರ ಹತ್ರ ಹೋಗಿ ಹೇಳು. ಥ್ರೆಡ್ ಕಿತ್ತಿದ್ದು ಮೇಸ್ತ್ರಿ ಅಲ್ಲ, ಅವರ ಹೆಂಡತಿ ಅಂತ. ಅವರ ಕೆಲಸ ಸರಿಯಾಗೇ ಇತ್ತು ಅಂತ. ಅಷ್ಟೇ ಗಟ್ಟಿಯಾಗಿ ಹೇಳ್ಬೇಕು, ಆಗ ಹೇಳಿದ್ಯಲ್ಲ, ಹಾಗೆ."

"ಹೇಳ್ತೀನಿ," ಎಂದ ಟೈರಿನವನು. ನೆಟ್ಟಗೆ ಕುರ್ಚಿಗಳ ಕಡೆ ನಡೆದ.

ಕೊರೆದದ್ದಂತೂ ಕೊರೆದಾಗಿತ್ತು. ಅವಳು ತೂತನ್ನು ಒರೆಸಿ, ಸುರುಳಿಯನ್ನು ಹೊಸ ಥ್ರೆಡ್ಡಿನೊಳಗೆ ಮೆಲ್ಲಗೆ ತಿರುಗಿಸಿ ಇಳಿಸಿದಳು, ಅದರ ತುದಿಯ ಕೊಂಡಿಯನ್ನು ಮುರಿದು ಚಿಮಟದಿಂದ ಹೊರಗೆ ತೆಗೆದಳು. ಸ್ವಲ್ಪ ಎಣ್ಣೆಯನ್ನು ಮೇಲಿಂದ ಹುಯ್ದು, ಉಳಿದ ಚೂರು ತೊಳೆದು ಹೋಗುವವರೆಗೆ ಕೆಳಗೆ ಹರಿಯಬಿಟ್ಟಳು. ವಾಷರ್ ಹೊಸದೇ, ಅದನ್ನೇ ಹಾಕಿದಳು. ಪ್ಲಗ್ಗನ್ನು ಬೆರಳಲ್ಲಿ ಕೂರಿಸಿ ಸ್ಪ್ಯಾನರ್ ಹಿಡಿದಳು. ಅವಳು ತಿರುಗಿಸಿದಳು, ಕೇಳಿದಳು, ನಿಲ್ಲಿಸಿದಳು. ಎಣ್ಣೆ ತುಂಬಿದಳು. ಬೇಸಿನ್ನನ್ನು ಪಕ್ಕಕ್ಕೆ ಎಳೆದು ಕಾದರು. ನೆಲ ಒಣಗಿಯೇ ಇತ್ತು.

ಹೊರಗೆ ವ್ಯಾನಿನ ಹಾರ್ನು ಮತ್ತೆ ಕೂಗಿತು. "ಮಗಳು ಬಂದ್ಲು," ಎಂದು ಯಾರೋ ಅಂದರು.

* * *

ಮಗಳು ಅಪ್ಪನ ಕಾಲು ಹಿಡಿದು ಅತ್ತಾಯಿತು, ಅಮ್ಮನನ್ನು ತಬ್ಬಿಕೊಂಡು ಅತ್ತಾಯಿತು. ನಾಲ್ಕು ಜನ ಸೇರಿ ಮೇಸ್ತ್ರಿಯನ್ನು ವ್ಯಾನಿನ ಸ್ಟ್ರೆಚರಿನ ಮೇಲೆ ಮಲಗಿಸಿದರು. ಅತ್ತಿಗೆ ಒಂದು ಚೆಂಬು ನೀರು, ಸೋಪು ತಂದು ಗ್ಯಾರೇಜಕ್ಕನ ಮುಂದಿಟ್ಟು, "ಕೈ ನೋಡು ಹೇಗಿದೆ, ತೊಳ್ಕೋ," ಎಂದಳು.

"ಬಂದ್ಮೇಲೆ ತೊಳೀತೀನಿ."

ವ್ಯಾನಿನವನು ಹಿಂದಿನ ಬಾಗಿಲಲ್ಲಿ ನಿಂತು ದೇಹದ ಮೇಲೆ ಅಗಲವಾದ ಪಟ್ಟಿಯೊಂದನ್ನು ಹಾಯಿಸಿ, ಕಾಲನ್ನು ಕಂಬಿಗೆ ಒತ್ತು ಕೊಟ್ಟು ಜಗ್ಗಿದ. ಬಿಳಿ ಬಟ್ಟೆ ಎದೆಯ ಮೇಲೆ ಸೊಟ್ಟಗೆ ಮುದುಡಿತು. ಅವನು ಇನ್ನೊಂದು ಸಲ ಜಗ್ಗಿದ.

"ನಿಲ್ಲಿಸಪ್ಪಾ," ಎಂದು ಗ್ಯಾರೇಜಕ್ಕ ವ್ಯಾನ್ ಹತ್ತಿದಳು.

"ರಸ್ತೆ ಹಾಳಾಗಿದೆ ತಾಯಿ. ಬಿಗಿ ಇಲ್ಲ ಅಂದ್ರೆ ಜಾರುತ್ತೆ."

"ಇದು ನನ್ನ ಕೆಲಸ. ನೀನು ಆ ಕಡೆ ಹೋಗು."

ಅವಳು ಬಕ್ಕಲ್ ಬಿಚ್ಚಿ ಪಟ್ಟಿಯನ್ನು ಪೂರ್ತಿ ಸಡಿಲಿಸಿದಳು. ಮುದುಡಿದ ಬಟ್ಟೆಯನ್ನು ಎಳೆದು ಸರಿಮಾಡಿದಳು. ಈಗ ಅವನ ಮುಖ ನೋಡಿದಳು, ಚೆನ್ನಾಗಿಯೇ ನೋಡಿದಳು. ಆಮೇಲೆ ಪಟ್ಟಿಗೂ ಅವನ ಎದೆಗೂ ನಡುವೆ ಎಡಗೈಯ ಎರಡು ಬೆರಳು ತೂರಿಸಿ, ಬಲಗೈಯಿಂದ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ ಬಂದಳು. ಒಂದು ಕಡೆ ಕೈ ತಾನಾಗಿ ನಿಂತಿತು. ಅಲ್ಲಿಗೆ ಬಕ್ಕಲ್ ಹಾಕಿದಳು.

ಬೆರಳು ಹೊರಗೆಳೆದಾಗ ಬಿಳಿ ಬಟ್ಟೆಯ ಮೇಲೆ ಎರಡು ಕಪ್ಪು ಗುರುತು ಒತ್ತಿದ್ದವು. ಅತ್ತಿಗೆ ಒದ್ದೆ ಬಟ್ಟೆ ಹಿಡಿದು ಒರೆಸಲು ಬಗ್ಗಿದವಳು, ಕೈ ಹಿಂದಕ್ಕೆ ತೆಗೆದುಕೊಂಡಳು. ವ್ಯಾನಿನವನು ಬಾಗಿಲು ಹಾಕಿದ.